ಜೋಳದ ಹೊಲದ ಮೇಲಿನ ರೀಲು

ಕಾಲುವೆಯ ಗೇಟು ಕಾಯುವ ಅಮಾತೆಪ್ಪ ಡ್ಯೂಟಿ ಮುಗಿಸಿ ನೇರ ಹೊಲಕ್ಕೆ ಬಂದವನೇ, ಗೂಟಗಳಿಗೆ ಕಟ್ಟಿದ್ದ ಕ್ಯಾಸೆಟ್ಟಿನ ರೀಲನ್ನು ಬಿಚ್ಚಿ ಮುಂಗೈಗೆ ಸುತ್ತಿಕೊಳ್ಳತೊಡಗಿದ. ಗಾಳಿಗೆ ಗುಂಯ್‌ಗುಟ್ಟಿ ಹಕ್ಕಿಗಳನ್ನು ಬೆದರಿಸಲೆಂದು ಅದನ್ನು ಕಟ್ಟಿದವಳು ಅವನ ಹೆಂಡತಿ ಬಾಲಮ್ಮ. ಕವಣೆ ಹಿಡಿದು ಬದುವಿನ ಮೇಲೆ ನಿಂತಿದ್ದವಳು ಗಾಬರಿಯಾದಳು.

“ಯಾಕ್ರಿ, ಏನಾತು?”

“ಅಂವ ಸತ್ತಾನ. ಪೇಪರ್‌ನ್ಯಾಗ ಬಂದೈತಿ.”

ಅವನೆಂದರೆ ಆ ಕ್ಯಾಸೆಟ್ಟಿನ ರಾಕ್ ಹಾಡುಗಾರ. ಯಾವ ದೇಶದವನೋ, ಹಾಡಿನ ಒಂದು ಮಾತೂ ಇವರಿಗೆ ತಿಳಿಯುತ್ತಿರಲಿಲ್ಲ. ವರ್ಗವಾಗಿ ಹೋದ ಎಂಜಿನಿಯರ್ ಬಿಟ್ಟುಹೋದ ಕ್ಯಾಸೆಟ್ಟು ಅದು. “ಅದೇನ್ ಒದರಾಟರಿ?” ಎಂದು ಬಾಲಮ್ಮ ನಕ್ಕಾಗ ಗಂಡ ಅಂದಿದ್ದ: “ನಾ ದಿನಪೂರ್ತಿ ಹೌದ್ರಿ ಸಾಹೇಬ್ರ ಅಂತೀನಿ. ಸಂಜಿಗಿ ನನ್ನ ಪಾಲಿಂದೂ ಅಂವನೇ ಒದರ್ತಾನ.” ಟೇಪ್ ರೆಕಾರ್ಡರ್ ಕೆಟ್ಟ ಮೇಲೆ ಅವಳು ಗಂಡನನ್ನು ಕೇಳದೆಯೇ ರೀಲು ಎಳೆದು ಹೊಲಕ್ಕೆ ಕಟ್ಟಿದ್ದಳು. ಆಗಲೂ ಅವನು ಬೈದಿರಲಿಲ್ಲ. “ಇರ್ಲಿ ಬಿಡು, ಅಂವ ಇನ್ನೂ ಹಾಡ್ತಾನ. ಮತ್ತೊಂದು ತಂದ್ರಾತು.”

ಬಿಸಿಲಿಗೆ ರೀಲು ಅಲ್ಲಲ್ಲಿ ತುಂಡಾಗಿತ್ತು. ಅಮಾತೆಪ್ಪ ಒಂದೊಂದು ತುಂಡನ್ನೂ ಗಂಟು ಹಾಕಿ ಸುತ್ತಿಕೊಳ್ಳುತ್ತಿದ್ದ. ಬಾಲಮ್ಮ ಅದನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಸದ್ದಡಗಿದ ಹೊಲದ ಮೇಲೆ ಗುಬ್ಬಿಗಳ ಹಿಂಡೊಂದು ಇಳಿದು, ಹಾಲುದುಂಬಿದ ತೆನೆಗಳಿಗೆ ಜೋತುಬಿತ್ತು.

“ಹಕ್ಕಿ ಬಂದಾವ ನೋಡು, ಕವಣಿ ಬೀಸು” ಎಂದ ಅವನು, ತಲೆ ಎತ್ತದೆ.

ಬಾಲಮ್ಮ ಕವಣೆಯನ್ನು ನೆಲಕ್ಕಿಟ್ಟಳು.

“ಇರ್ಲಿ ಬಿಡ್ರಿ. ಇವತ್ತೊಂದಿನ ಅಂವನ ಹೆಸರಿಲೆ ತಿನ್ಲಿ.”