ಬಾವಿಕಟ್ಟೆಯ ಮಗ್ಗಿ

ಕೋಕಿಲಾ ಬೇಕಂತಲೇ ಮೇಷ್ಟ್ರ ಛತ್ರಿಯನ್ನು ಬಾವಿಗೆ ತಳ್ಳಿದಳು.

ಛತ್ರಿ ಹೋಗಿ ನೀರಿನ ಮೇಲೆ ಬಿತ್ತು. ಪಕ್ಕದಲ್ಲಿ ಆಂಡಾಳ್ ಬಗ್ಗಿ ನೋಡುತ್ತಿದ್ದಳು. ಈಗ ದೊರೆಸ್ವಾಮಿ ಮೇಷ್ಟ್ರು ನೀರಿಗಿಳಿಯಲೇಬೇಕು. ಇಳಿಯದಿದ್ದರೆ ಅನುಮಾನ ನಿಜ: ಈಜಿನ ಪಂದ್ಯಕ್ಕೆ ತಯಾರು ಮಾಡಲು ಬಂದ ಈ ಮನುಷ್ಯನಿಗೆ ಈಜೇ ಬರುವುದಿಲ್ಲ.

ಮೇಷ್ಟ್ರು ಕೋಟಿನ ಗುಂಡಿಯನ್ನೂ ಬಿಚ್ಚಲಿಲ್ಲ.

"ಕೋಕಿಲಾ, ನೀನೇ ಇಳಿ. ಆಂಡಾಳ್, ಹದಿನೇಳರ ಮಗ್ಗಿ ಹೇಳು. ಅದು ಮುಗಿಯೋದ್ರೊಳಗೆ ಛತ್ರಿ ನನ್ನ ಕೈಲಿರಬೇಕು."

"ನಾನು ಹೇಳ್ಲಿಲ್ವೇನೇ?" ಎಂದು ಆಂಡಾಳ್ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ಹೇಳಿದ್ದೇನೋ ಸರಿ. ಆದರೆ ಮಾಡುವುದೇನು? ಅದು 1954. ಮುಂದಿನ ತಿಂಗಳು ದಂಡು ಪ್ರದೇಶದ ಕ್ಲಬ್ಬೊಂದರ ಕೊಳದಲ್ಲಿ ಶಾಲಾ ಮಕ್ಕಳ ಈಜು ಸ್ಪರ್ಧೆ. ಹುಡುಗಿಯರಿಗೂ ಒಂದು ಪಂದ್ಯ ಇಟ್ಟಿದ್ದರು. ಹನ್ನೊಂದು ವರ್ಷದ ಕೋಕಿಲಾ ಅಜ್ಜಿಯ ಊರಿನ ಕೆರೆಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು, ಪಕ್ಕದ ಮನೆಯ ಆಂಡಾಳ್‌ಗೂ ತಾನೇ ಕಲಿಸಿದವಳು. ಅಭ್ಯಾಸಕ್ಕೆ ಎನ್.ಆರ್. ಕಾಲೋನಿಯ ಅಂಚಿನಲ್ಲಿ ಶಂಭುಲಿಂಗಪ್ಪನವರ ಹೂತೋಟದ ಬಾವಿ ಇತ್ತು. "ದೊಡ್ಡವರು ಯಾರಾದ್ರೂ ನಿಂತಿದ್ರೆ ಮಾತ್ರ ಇಳೀರಿ" ಎಂದು ಅವರ ಷರತ್ತು. ದೊಡ್ಡವರನ್ನು ಎಲ್ಲಿಂದ ತರುವುದೆಂದು ಇಬ್ಬರೂ ಮೆಟ್ಟಿಲ ಮೇಲೆ ಮುಖ ಬಾಡಿಸಿಕೊಂಡು ಕೂತಿದ್ದಾಗ ಛತ್ರಿ ಹಿಡಿದ ಈ ಮೇಷ್ಟ್ರು ಬಂದರು.

"ನಾನು ತಯಾರು ಮಾಡ್ತೀನಿ ಬನ್ರಮ್ಮ. ಇನ್ನೇನು ಮುಳುಗೇಹೋದ್ರು ಅನ್ನೋ ಎಷ್ಟೋ ಮಕ್ಕಳನ್ನ ದಡ ಸೇರಿಸಿದೀನಿ" ಎಂದರು. ಹುಡುಗಿಯರು ನಂಬಿದರು.

ಕೋಕಿಲಾಳ ತಾಯಿ ಸರ್ವಮಂಗಳಮ್ಮನವರಿಗೆ ಗೊತ್ತಾದರೆ ಪಂದ್ಯದ ಕಥೆ ಮುಗಿದಂತೆಯೇ. ಬಾವಿಯ ಹೆಸರೆತ್ತಿದರೆ ಸಾಕು, ಅವರು ಕೆಂಡವಾಗುತ್ತಿದ್ದರು. ಶೀತವಾಗುತ್ತದೆ, ಕೂದಲು ಉದುರುತ್ತದೆ, ಲೆಕ್ಕದಲ್ಲಿ ಬೇರೆ ಹನ್ನೊಂದು ನಂಬರು, ಬೀದಿಯವರು ಏನಂದಾರು! ಮಗಳೂ ಕಡಿಮೆಯವಳಲ್ಲ. ಹಾಡು ಕಲಿಸಲು ಬಂದವರು, ಮನೆಪಾಠಕ್ಕೆ ಬಂದವರು, ಎಲ್ಲರೂ ಅವಳ ಕಾಟಕ್ಕೆ ವಾರದಲ್ಲೇ ಕೈಮುಗಿದು ಹೋಗಿದ್ದರು. ಈಗ ಅವಳು ದಿನಾ ಬೆಳಿಗ್ಗೆ ಬಸವಣ್ಣನ ಗುಡಿಗೆಂದು ಹೇಳಿ ಹೊರಟು, ಒದ್ದೆ ಜಡೆಯಲ್ಲಿ ಮರಳುತ್ತಿದ್ದಳು. ಎಂಥ ಸುಳ್ಳನ್ನೂ ಮೂಸಿಯೇ ಹಿಡಿಯುವ ತಾಯಿ ಯಾಕೋ ಒಂದು ಮಾತೂ ಕೇಳಲಿಲ್ಲ. ಇದು ಬಸವಣ್ಣನ ಕೃಪೆಯೇ ಎಂದುಕೊಂಡು ಕೋಕಿಲಾ ಒಂದು ದಿನ ನಿಜವಾಗಿಯೂ ಗುಡಿಗೆ ಹೋಗಿಬಂದಳು.

ಮೇಷ್ಟ್ರ ಕ್ರಮವೇ ಬೇರೆ. ಕೈ ಹೇಗೆ ಬೀಸಬೇಕು, ಕಾಲು ಹೇಗೆ ಬಡಿಯಬೇಕು ಎಂದು ಒಂದು ದಿನವೂ ಹೇಳಲಿಲ್ಲ.

"ಪಂದ್ಯ ಅಂದ್ರೆ ಟೈಮು. ಟೈಮು ನೋಡೋಕೆ ಗಡಿಯಾರ ಬೇಕು. ಬಾವಿಕಟ್ಟೇಲಿ ಗಡಿಯಾರ ಎಲ್ಲಿಂದ ತರೋಣ? ಬಾಯಿ ಇದೆಯಲ್ಲ, ಮಗ್ಗಿ ಹೇಳಿ!"

ಒಬ್ಬಳು ಈಜಬೇಕು, ಇನ್ನೊಬ್ಬಳು ಕಟ್ಟೆಯ ಮೇಲೆ ನಿಂತು ಮಗ್ಗಿ ಹೇಳಬೇಕು. ಮಗ್ಗಿ ಮುಗಿಯುವುದರೊಳಗೆ ಈಜುವವಳು ಆಚೆ ಗೋಡೆ ಮುಟ್ಟಿ ಬರಬೇಕು. ಒಂದು ಅಂಕಿ ತಪ್ಪಿದರೂ ಗಡಿಯಾರ ಕೆಟ್ಟಂತೆ. ಈಜಿದ್ದೆಲ್ಲ ದಂಡ, ಮತ್ತೆ ಮೊದಲಿಂದ.

"ಹದಿಮೂರೇಳ್ಲ ತೊಂಬತ್ತೆರಡು" ಎಂದು ಕೋಕಿಲಾ ಕೂಗಿದ ದಿನ ಆಂಡಾಳ್ ನೀರಿನಲ್ಲೇ ಕಿರುಚಿದಳು: "ತೊಂಬತ್ತೊಂದು ಕಣೇ! ನಿನ್ನ ದೆಸೆಯಿಂದ ನಾಲ್ಕನೇ ಸಲ ಈಜ್ತಿದೀನಿ!"

ಅವಮಾನ ತಡೆಯಲಾರದೆ ಕೋಕಿಲಾ ಊಟಕ್ಕೆ ಕೂತಾಗಲೂ ಮಗ್ಗಿ ಉರು ಹೊಡೆದಳು. ಹದಿಮೂರು ಹೋಗಿ ಹದಿನೈದು ಬಂತು, ಹದಿನೇಳು ಬಂತು. "ಪಂದ್ಯ ಹತ್ರ ಬಂದಷ್ಟೂ ಮಗ್ಗಿ ದೊಡ್ಡದಾಗಬೇಕು" ಎಂದರು ಮೇಷ್ಟ್ರು. ಈಜು ಬಾರದವರ ಮಾತಿಗೆ ಎದುರಾಡಿ, ಇರುವ ಒಬ್ಬ ದೊಡ್ಡವರನ್ನೂ ಕಳೆದುಕೊಳ್ಳುವುದು ಬೇಡವೆಂದು ಹುಡುಗಿಯರು ಸುಮ್ಮನಾದರು.

ಪಂದ್ಯಕ್ಕೆ ಎರಡು ದಿನ ಇದ್ದಾಗ ಶಾಲೆಯಿಂದ ಬರುತ್ತಿದ್ದ ಕೋಕಿಲಾ ಬೀದಿಯ ಮಧ್ಯದಲ್ಲೇ ನಿಂತುಬಿಟ್ಟಳು. ಮೇಷ್ಟ್ರು ಅವಳ ಮನೆಯ ಗೇಟಿನಲ್ಲಿ ನಿಂತು ಅಮ್ಮನ ಜೊತೆ ಮಾತಾಡುತ್ತಿದ್ದರು!

"ಬಾಯಾರಿತ್ತು, ನೀರು ಕೇಳಿದೆ. ಮಜ್ಜಿಗೇನೇ ಕೊಟ್ರು" ಎಂದರು ಮರುದಿನ, ಏನೂ ಆಗದವರಂತೆ.

ಕೋಕಿಲಾಳಿಗೆ ಅಳುವೇ ಬಂತು. "ಅಮ್ಮಂಗೆ ಹೇಳ್ಬಿಡಬೇಡಿ ಮೇಷ್ಟ್ರೇ. ಗೊತ್ತಾದ್ರೆ ಇನ್ಯಾವತ್ತೂ ನೀರಿಗಿಳಿಯೋಕೆ ಬಿಡಲ್ಲ."

"ಅಮ್ಮನ ವಿಷಯ ನನಗೆ ಬಿಡು. ನೀನು ಹತ್ತೊಂಬತ್ತು ನೋಡ್ಕೋ."

ಪಂದ್ಯದ ದಿನ ಕೊಳ ನೋಡಿ ಇಬ್ಬರೂ ಕೈಕೈ ಹಿಡಿದುಕೊಂಡರು. ಅಷ್ಟು ಉದ್ದದ ನೀರು, ಅಷ್ಟು ಜನ. ಹುಡುಗಿಯರು ಸಾಲಾಗಿ ನಿಂತಾಗ ಟೈಮು ಬರೆಯುವವರೊಬ್ಬರ ಗಡಿಯಾರ ನಿಂತುಹೋಯಿತು. "ಯಾರ ಹತ್ರ ಆದ್ರೂ ಸೆಕೆಂಡ್ ಮುಳ್ಳಿನ ವಾಚಿದೆಯಾ?" ಎಂದು ಕೂಗಿದರು.

ದೊರೆಸ್ವಾಮಿ ಮೇಷ್ಟ್ರು ಕೋಟಿನ ತೋಳು ಸರಿಸಿ ವಾಚು ಬಿಚ್ಚಿಕೊಟ್ಟರು.

ಕೋಕಿಲಾ ಕಣ್ಣುಬಾಯಿ ಬಿಟ್ಟಳು. ಇಷ್ಟು ದಿನ ಇದನ್ನು ಕೈಯಲ್ಲೇ ಇಟ್ಟುಕೊಂಡಿದ್ದರೇ? ಕೇಳುವಷ್ಟರಲ್ಲಿ ಸೀಟಿ ಊದಿದರು.

ಹತ್ತೊಂಬತ್ತೊಂದ್ಲ ಹತ್ತೊಂಬತ್ತು. ಹತ್ತೊಂಬತ್ತೆರಡ್ಲ ಮೂವತ್ತೆಂಟು. ತಲೆಯ ತುಂಬ ಮಗ್ಗಿಯೇ, ಹೆದರಿಕೆಗೆ ಜಾಗವೇ ಸಿಗಲಿಲ್ಲ. ಕೈಕಾಲು ತಮ್ಮಷ್ಟಕ್ಕೆ ಲೆಕ್ಕ ಹಿಡಿದು ಹೊರಟವು. ಕೋಕಿಲಾ ಎರಡನೆಯವಳಾಗಿ ಗೋಡೆ ಮುಟ್ಟಿದಳು, ಆಂಡಾಳ್ ನಾಲ್ಕನೆಯವಳಾಗಿ. ಕೋಕಿಲಾಳಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ಗುಟುಕು ನೀರನ್ನೇ ಕುಡಿದುಬಿಟ್ಟಳು.

ಮೇಲೆ ಹತ್ತಿ ತಲೆಯೆತ್ತಿದರೆ, ಹೆಂಗಸರ ಸಾಲಿನಿಂದ ಎದ್ದು ಅಮ್ಮ ನೇರ ಬರುತ್ತಿದ್ದರು.

ಕೋಕಿಲಾ ಓಡಿಹೋಗಿ ಮೇಷ್ಟ್ರ ಬೆನ್ನ ಹಿಂದೆ ಅವಿತಳು. ಇನ್ನು ಈ ಜನ್ಮದಲ್ಲಿ ಬಾವಿಯ ಮುಖ ನೋಡುವಂತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಸರ್ವಮಂಗಳಮ್ಮ ಮಾತ್ರ ಮಗಳ ಕಡೆ ತಿರುಗಿಯೂ ನೋಡದೆ ಮೇಷ್ಟ್ರಿಗೆ ಕೈಮುಗಿದರು.

"ಮನೆಪಾಠಕ್ಕೆ ಅಂತ ಗೊತ್ತು ಮಾಡಿದ ನಿಮ್ಮನ್ನ ಬಾವಿ ಹತ್ರ ಕಳಿಸಿದ್ದೇ ಒಳ್ಳೇದಾಯ್ತು ಮೇಷ್ಟ್ರೇ. ಮಗ್ಗಿ ಅಂತೂ ಮುಗೀತಲ್ಲ, ನಾಳೆಯಿಂದ ಅಲ್ಲೇ ಭಿನ್ನರಾಶಿ ಶುರು ಮಾಡ್ಬಿಡಿ."