ಇದ್ದಲಿನ ಗೆರೆ

"ಇವು ನನ್ನ ಕೋಳೀ ತತ್ತಿ ಅಲ್ಲ," ಎಂದಳು ಬೀಡಿ ಊರಿನ ಅಕ್ಕವ್ವ. ತಾನು ಕೊಟ್ಟುಕಳಿಸಿದ ತತ್ತಿ ನೋಡಲು ಅವಳು ಟಿಳಕವಾಡಿಯ ಪ್ರಯೋಗಾಲಯಕ್ಕೆ ಬಂದಿದ್ದಳು. ಅಲ್ಲಿ ಸಂಶೋಧಕ ಹೃಷೀಕೇಶ ತತ್ತಿ ಒಡೆದು, ಒಳಗಿನ ಎಳೆಮರಿಯಿಂದ ಜೀವಕೋಶ ಬೆಳೆಸುವವನಿದ್ದ. ಅದಕ್ಕೆಂದು ಇಟ್ಟ ಬಾಟಲಿಗೆ 'ಬೀಡಿಯ ಜವಾರಿ ಕೋಳಿ' ಎಂಬ ಚೀಟಿ ಆಗಲೇ ಅಂಟಿತ್ತು. ಕಾವಿಗಿಡುವ ಪ್ರತಿ ತತ್ತಿಗೂ ಅಕ್ಕವ್ವ ಇದ್ದಲಿನಿಂದ ಗೆರೆ ಎಳೆಯುತ್ತಿದ್ದಳು. ಇವುಗಳ ಮೇಲೆ ಗೆರೆಯೇ ಇರಲಿಲ್ಲ.

"ನಿಮ್ಮವು ದಾರ್‍ಯಾಗ ಒಡದು ಹೋದ್ವು, ಅಜ್ಜಿ. ಫಾರ್ಮಿನ್ಯಾಗ ಕಾವಿಗಿಟ್ಟವು ತಂದೀನಿ," ಎಂದ ಹೃಷೀಕೇಶ. "ಬಾಟ್ಲಿಯೊಳಗ ಎಲ್ಲಾ ಒಂದ ನಮೂನಿ ಕಾಣ್ತಾವ. ಯಾರಿಗಿ ಗೊತ್ತಾಗತೈತ್ರಿ?"

"ನನ್ನ ಕೋಳಿ ಹತ್ತು ದಿನ ಕಾಳು ಬಿಟ್ಟು ಕಾವಿಗೆ ಕುಂತಿತ್ತೋ ತಮ್ಮಾ! ಅದರ ಹೆಸರು ಇವಕ್ಕ ಹೆಂಗ ಹಚ್ಚತಿ?"

ಅಕ್ಕವ್ವ ಬಾಟಲಿಯ ಚೀಟಿ ಕಿತ್ತು ತನ್ನ ಎಲೆಅಡಿಕೆಯ ಸಂಚಿಗೆ ಹಾಕಿಕೊಂಡಳು.

"ಮುಂದಿನ ಸಲ ತತ್ತಿ ಉಡ್ಯಾಗ ಇಟ್ಕೊಂಡು ನಾನ ಬಸ್ ಹತ್ತಿ ಬರ್ತೀನಿ. ಅವತ್ತ ಹೆಸರೂ ತರ್ತೀನಿ."