ಅಜ್ಜಿಯ ತುಳು ಪಾಠ

ಒಣಗುತ್ತಿರುವ ಹಲಸಿನ ಹಪ್ಪಳದ ವಾಸನೆ ಬಂದರೆ ಈಗಲೂ ನನ್ನ ಕೈ ಬಾಗಿಲ ಚಿಲಕವನ್ನು ಹುಡುಕುತ್ತದೆ.

ಗಲ್ಫಿನ ಸತ್ವಾದಲ್ಲಿದ್ದ ನಮ್ಮ ಫ್ಲಾಟಿನಲ್ಲಿ ಅಪ್ಪ ಅಮ್ಮ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಉಡುಪಿಯಿಂದ ಬಂದ ಅಜ್ಜಿ, ಬಾಲ್ಕನಿಯಲ್ಲಿ ಹಳೇ ಸೀರೆಯ ಮೇಲೆ ಹಪ್ಪಳ ಹರಡಿ ನನ್ನನ್ನು ಬಾಲೆ, ಅಂದರೆ ಮಗು, ಎಂದು ಕರೆಯುತ್ತ ತುಳು ಕಲಿಸತೊಡಗಿದರು. ಒಂದು ಮಾತು ಸರಿಯಾಗಿ ಹೇಳಿದರೆ ಒಂದು ಹಪ್ಪಳ ಮಗುಚಲು ಬಿಡುತ್ತಿದ್ದರು. ನಾನು ಮೊದಲು ಕಲಿತದ್ದು ನೀರ್, ಆಮೇಲೆ ಬಾಕಿಲ್, ಅಂದರೆ ಬಾಗಿಲು.

ಜೂನ್ ತಿಂಗಳ ಒಂದು ಮಧ್ಯಾಹ್ನ ಶಾಲೆಯ ಇಬ್ಬರು ಗೆಳೆಯರು ಮನೆಗೆ ಬಂದಿದ್ದರು. ಏಸಿಯ ತಂಪು ಹೋಗದಿರಲೆಂದು ನಾನು ಬಾಲ್ಕನಿಯ ಗಾಜಿನ ಬಾಗಿಲನ್ನು ಎಳೆದೆ. ಚಿಲಕ ತಾನಾಗಿ ಬಿತ್ತು. ಅಜ್ಜಿ ಹೊರಗೇ ಇದ್ದರು.

ಸ್ವಲ್ಪ ಹೊತ್ತಿಗೆ ಅವರು ಗಾಜು ತಟ್ಟಿ, ಬಾಗಿಲು ತೆಗೆದು ನೀರು ಕೊಡೆಂದು ಕೂಗಿದರು. "ಬಾಕಿಲ್ ದೆಪ್ಪು ಬಾಲೆ. ನೀರ್ ಕೊರ್ಲ."

"ಯುವರ್ ಮೇಡ್? ವಾಟ್ಸ್ ಶಿ ಸೇಯಿಂಗ್?" ಎಂದು ಒಬ್ಬ ನಕ್ಕ.

"ಐ ಡೋಂಟ್ ನೋ," ಎಂದೆ. ಟಿವಿಯ ಸದ್ದು ಹೆಚ್ಚಿಸಿದೆ.

ಕಾರ್ಟೂನ್ ಮುಗಿದು ಗೆಳೆಯರು ಹೋದ ಮೇಲೆ ನೋಡಿದರೆ ಅಜ್ಜಿ ಹಪ್ಪಳಗಳ ಮೇಲೆ ಕುಸಿದು ಬಿದ್ದಿದ್ದರು. ಕೆನ್ನೆಗೆ ಎರಡು ಅಂಟಿಕೊಂಡಿದ್ದವು. ಮೈ ಕಾದ ಕಾವಲಿಯಂತಿತ್ತು.

ಮೂರನೆಯ ದಿನ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದರು. "ಅಷ್ಟು ಕರೆದರೂ ಇವನಿಗೆ ಕೇಳಿಸಲಿಲ್ವಾ?" ಎಂದು ಅಮ್ಮ ಕೇಳಿದಳು.

"ಕೇಳಿಸಿರ್ತದೆ ಮಾರಾಯ್ತಿ, ಅರ್ಥ ಆಗಿರ್ಲಿಕ್ಕಿಲ್ಲ. ನಾನು ಕಲಿಸಿದ್ದು ಸಾಲ್ಲಿಲ್ಲ," ಎಂದರು ಅಜ್ಜಿ.

ಮರುದಿನ ಮಧ್ಯಾಹ್ನ ಅವರು ನನ್ನನ್ನು ಮಂಚದ ಹತ್ತಿರ ಕರೆದು, ನೀರಿನ ಲೋಟ ಎತ್ತಿ ಹಿಡಿದು ಇದೇನೆಂದು ಕೇಳಿದರು. "ಉಂದು ದಾದ, ಬಾಲೆ?"

"ನೀರ್," ಎಂದೆ.

ಅಜ್ಜಿ ನನ್ನ ತಲೆ ಸವರಿ, ಬಾಗಿಲಿನತ್ತ ಬೆರಳು ತೋರಿಸಿದರು. "ಉಂದು?"